ಮಾವನ ಪೂಜೆ ಪಂಚೆ, ಭಾವನ ಕಾಗದದ ಲಂಗೋಟಿ

ಶ್ರಾವಣದ ಮಳೆಯಲ್ಲಿ, ಅದೂ ಮಡಿಕೇರಿಯಲ್ಲಿ, ಒಂದು ಕೂಸಿನ ಲಂಗೋಟಿಗಳನ್ನು ಒಬ್ಬ ಗಂಡಸು ಒಗೆದು ಗರಿಗರಿಯಾಗಿ ಒಣಗಿಸಿದ ಅಂದರೆ ನೀವು ನಂಬೋದಿಲ್ಲ. ಧೈರ್ಯವಿದ್ದರೆ ಸುಳ್ಳು ಅಂತ ನನ್ನ ಮುಖ ನೋಡಿ ಹೇಳಿ. ಬೇರೆಯವರಿಗೆ ವರ್ಷಕ್ಕೊಂದು ನಡೆಯೋ ಪ್ರಸಂಗ ನನಗೆ ವಾರಕ್ಕೊಂದು ನಡೆಯುತ್ತೆ. ನಾನೇನು ಮಾಡಲಿ? ನಾನಿದ್ದ ಕಡೆ ಏನಾದರೂ ಆಗಲೇಬೇಕು.

ಪಂದ್ಯ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಕೊಡ್ಲಿಪೇಟೆ ಕಡೆಯ ಹಳ್ಳಿಯಲ್ಲಿ ಬೆಳೆದವನು, ನೆಲ್ಯಹುದಿಕೇರಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್. ಹೆಂಡತಿ ಹೆರಿಗೆಗೆ ಮಡಿಕೇರಿಯ ತವರಿಗೆ ಹೋಗಿದ್ದಳು. ಹೆಣ್ಣು ಕೂಸು, ಥೇಟ್ ನನ್ನ ಮೂಗು. ನಾಮಕರಣ ಮುಗಿಸಿ ಇಬ್ಬರನ್ನೂ ಕರೆದುಕೊಂಡು ಹೋಗೋಣ ಅಂತ ಹೋದರೆ ಅತ್ತೆ ಅಡ್ಡ ನಿಂತರು.

"ಮಳೆ ನಿಲ್ಲಲಿ, ದೀಪಾವಳಿ ಆದ ಮೇಲೆ ನೋಡೋಣ. ನಿಮ್ಮ ಎಸ್ಟೇಟ್ ಮನೇಲಿ ಲಂಗೋಟಿ ಒಣಗ್ತದಾ? ಒದ್ದೆ ಬಟ್ಟೇಲಿ ಕೂಸಿಗೆ ಶೀತ ಆದ್ರೆ ಯಾರು ನೋಡ್ಕೊಳ್ಳೋದು? ಇಲ್ಲಿಗಾದ್ರೆ ನನ್ನ ಮಗ ಬೊಂಬಾಯಿಂದ ಕಾಗದದ ಲಂಗೋಟಿ ತರ್ತಾ ಇದಾನೆ. ಹಡಗಿನಲ್ಲಿ ಬಂದ ಮಾಲು. ಒಗೆಯೋದೂ ಬೇಡ, ಒಣಗಿಸೋದೂ ಬೇಡ. ಒದ್ದೆಯಾದ್ರೆ ಎಸೆದ್ರಾಯ್ತು."

"ಈಕೆ ಒದ್ದೆ ಮಾಡೋ ವೇಗಕ್ಕೆ ದಿನಾ ಒಂದು ಹಡಗು ಬರಬೇಕಾಗ್ತದೆ ಅತ್ತೆ," ಅಂದೆ. "ನಮ್ಮ ಮನೇಲಿ ಬಟ್ಟೇನೇ. ನಾಮಕರಣದ ತನಕ ಇಲ್ಲೇ ಇದ್ದು ನಾನೇ ಒಗೆದು, ನಾನೇ ಒಣಗಿಸಿ ತೋರಿಸ್ತೀನಿ. ಕೂಸು ಒದ್ದೇಲಿ ಮಲಗಲಿಲ್ಲ ಅಂದ್ರೆ ನನ್ನ ಜೊತೆ ಕಳಿಸ್ಬೇಕು."

ಅತ್ತೆ ಒಪ್ಪಿದರು. ಕಾಫಿ ಕೊಯ್ಲು ಇಲ್ಲದ ಕಾಲ, ಎಸ್ಟೇಟಿನ ದೊರೆಗಳು ರಜೆಯನ್ನೂ ಕೊಟ್ಟರು. ಹೆಂಡತಿ ಮಾತ್ರ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು: "ನೀವು ಬಾಯಿ ಮುಚ್ಕೊಂಡಿದ್ದಿದ್ರೆ ಅಪ್ಪ ಹೇಗಾದ್ರೂ ಕಳಿಸ್ತಿದ್ರು."

ಪಂಚೆ

ಲಂಗೋಟಿಗೆ ಹೊಸ ಬಟ್ಟೆ ಆಗದು, ಚುಚ್ಚುತ್ತೆ. ಒಗೆದು ಒಗೆದು ಬೆಣ್ಣೆಯಾದ ಹಳೇ ಪಂಚೆಯೇ ಆಗಬೇಕು. ಇದು ಹಳ್ಳಿಯವರಿಗೆ ಗೊತ್ತು. ಅತ್ತೆ ಕೊಟ್ಟ ಹಳೇ ಬಟ್ಟೆಯ ಗಂಟು ಮೊದಲ ದಿನವೇ ಖಾಲಿ. ಹುಡುಕುತ್ತಾ ಹೋದಾಗ ದೇವರ ಕೋಣೆಯ ಗಳುವಿನ ಮೇಲೆ ಅಂಥದ್ದೇ ಒಂದು ಪಂಚೆ ಕಂಡಿತು. ಮುಟ್ಟಿದರೆ ಕೈ ಜಾರಬೇಕು, ಅಷ್ಟು ನಯ! ಹರಿದು ಚೌಕ ಮಾಡಿದೆ.

ಬೆಳಿಗ್ಗೆ ಮಾವ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು, ನಡುಗುತ್ತಾ ಮನೆಯೆಲ್ಲಾ ತಿರುಗಿದರು. "ನನ್ನ ಪೂಜೆ ಪಂಚೆ ಎಲ್ಲೋಯ್ತು?"

ತೊಟ್ಟಿಲು ತೋರಿಸಿದೆ.

ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆದವರು, ಮಾತು ತೂಕ ಮಾಡಿ ಆಡೋರು. ಆದರೂ ಕೂಗಿಯೇಬಿಟ್ಟರು. "ಅಳಿಯಂದಿರೇ, ಅದನ್ನ ಮಡಿಯಲ್ಲಿ ಇಟ್ಟಿದ್ದೆನಲ್ಲಾ!"

"ಈಗಲೂ ಮಡಿಯಲ್ಲೇ ಇದೆ ಮಾವ. ನೀವು ದಿನಕ್ಕೊಂದು ಸಲ ಒಗೀತಿದ್ರಿ. ನಾನು ಗಂಟೆಗೊಂದು ಸಲ ಒಗೀತಿದೀನಿ."

ಅಟ್ಟ

ಒಗೆಯೋದು ಯಾರು ಬೇಕಾದರೂ ಮಾಡಿಯಾರು. ಒಣಗಿಸೋದು ವಿದ್ಯೆ. ಅತ್ತೆಯ ಅಡುಗೆಮನೆಯಲ್ಲಿ ಒಲೆಯ ಮೇಲೆ ಬಿದಿರಿನ ಅಟ್ಟ. ಮಳೆಗಾಲಕ್ಕೆಂದು ಅಲ್ಲಿ ಹಂದಿಮಾಂಸದ ತುಂಡುಗಳನ್ನು ಹೊಗೆಗೆ ಕಟ್ಟಿದ್ದರು. ನಾನು ಪಕ್ಕದಲ್ಲೇ ಲಂಗೋಟಿ ಸಾಲಾಗಿ ಹಾಕಿದೆ. ಅನ್ನ ಬೇಯೋದರೊಳಗೆ ಒಣಗಿ ಹಪ್ಪಳ! ಅತ್ತೆ ಬೆನ್ನ ಹಿಂದೆ ಬಂದು ಮುಟ್ಟಿ ನೋಡಿ, ಒಂದನ್ನು ಮಡಿಸಿಟ್ಟು ಹೋದರು. ಗೆದ್ದೆ ಅಂದುಕೊಂಡೆ.

ಸಂಜೆಗೆ ಪಕ್ಕದ ಮನೆಯ ನಾಯಿ ಬಂದು ತೊಟ್ಟಿಲ ಕೆಳಗೆ ಕೂತಿತು. ಓಡಿಸಿದರೆ ಸುತ್ತು ಹಾಕಿ ಮತ್ತೆ ಬಂದು ಕೂತಿತು. ಅದನ್ನು ಹುಡುಕಿಕೊಂಡು ಬಂದ ಪಕ್ಕದ ಮನೆಯ ಅಜ್ಜಿ ಕೂಸಿಗೆ ಮುತ್ತು ಕೊಡಲು ಬಗ್ಗಿದವರು ಹಾಗೇ ಮೂಸಿ ತಲೆ ಎತ್ತಿದರು.

"ಅಲ್ಲ ಮಾರಾಯಾ, ಊಟ ಮಾಡ್ಕೊಂಡೇ ಬಂದಿದ್ದೆ. ಈ ಕೂಸಿನ ಹತ್ರ ಬಂದ್ರೆ ಮತ್ತೆ ಹಸಿವಾಗ್ತದಲ್ಲ!"

ಪೆಟ್ಟಿಗೆ

ನಾಮಕರಣದ ಹಿಂದಿನ ದಿನ ಭಾವ ಬಂದರು. ಬೊಂಬಾಯಿ ಬಂದರಿನ ಕೆಲಸ, ಕಪ್ಪು ಕನ್ನಡಕ. ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಬಂದಿತ್ತು. ಆ ಮಳೆಯಲ್ಲಿ! ತೆರೆದರೆ ಒಂದೊಂದು ಲಂಗೋಟಿಯೂ ನೀರು ಕುಡಿದು ತಲೆದಿಂಬು.

"ಕೂಸು ಮುಟ್ಟೋಕೆ ಮುಂಚೇನೇ ತುಂಬಿಬಿಟ್ಟಿವೆ ಭಾವ," ಅಂದೆ.

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, "ನಿಮ್ಮ ಅಟ್ಟದಲ್ಲಿ ಸ್ವಲ್ಪ ಜಾಗ ಇದ್ಯಾ?" ಅಂದರು.

ನನ್ನದು ದೊಡ್ಡ ಮನಸ್ಸು, ಕೊಟ್ಟೆ. ಎಸೆಯೋ ಲಂಗೋಟಿಯನ್ನು ಒಣಗಿಸಿ ಮಡಿಸಿಟ್ಟ ಮನೆ ಇಡೀ ಕೊಡಗಿನಲ್ಲಿ ಅದೊಂದೇ.

ಸಾಹೇಬರು

ನಾಮಕರಣಕ್ಕೆ ಮಾವನ ಆಫೀಸಿನ ಹೊಸ ಸಾಹೇಬರು ಬರುವವರಿದ್ದರು. ಮೈಸೂರು ಕಡೆಯವರು, ಶುದ್ಧ ಸಸ್ಯಾಹಾರಿ, ಇಸ್ತ್ರಿ ಮಾಡಿದ ಬಿಳೀ ಪ್ಯಾಂಟು. ಅವರು ಕೂಸನ್ನು ಎತ್ತಿಕೊಳ್ಳುತ್ತಾರೆಂದು ಭಾವ ಹಟ ಹಿಡಿದು ತಮ್ಮ ಕಾಗದದ ಲಂಗೋಟಿಯನ್ನೇ ಕಟ್ಟಿಸಿದರು. "ಬಟ್ಟೆ ನಂಬಿ ಅಪ್ಪನ ಮಾನ ಕಳೆಯೋಕಾಗಲ್ಲ."

"ಹಾಗಾದ್ರೆ ಇದು ನನ್ನ ಲೆಕ್ಕಕ್ಕಿಲ್ಲ ಅತ್ತೆ, ನೆನಪಿರಲಿ," ಅಂದೆ.

ಒಮ್ಮೆ ನೆನೆದು ಒಣಗಿದ ಕಾಗದದ ಕಥೆ ಏನು ಹೇಳಲಿ? ಹೆಸರು ಕರೆದು ಕೂಸನ್ನು ಸಾಹೇಬರ ತೊಡೆಯ ಮೇಲೆ ಇಟ್ಟರು. ನನ್ನ ಮಗಳು ಅವರ ಮುಖ ನೋಡಿ ನಕ್ಕಳು. ಆಮೇಲೆ ಸುರಿಸಿದಳು. ಲಂಗೋಟಿ ಗಂಜಿಯಾಗಿ ಪ್ಯಾಂಟಿನ ಉದ್ದಕ್ಕೂ ಇಳಿಯಿತು. ಮಾವ ಕಣ್ಣು ಮುಚ್ಚಿಕೊಂಡರು. ಭಾವ ಕೋಣೆಯಲ್ಲೇ ಇರಲಿಲ್ಲ.

ನಾನಿದ್ದೆನಲ್ಲ! ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೆಚ್ಚಗಿನ ಬಟ್ಟೆ ತೆಗೆದು ಕೂಸಿಗೆ ಕಟ್ಟಿದೆ. ಸಾಹೇಬರಿಗೆ ಕಂಬಳಿ ಸುತ್ತಿ ಪಾಯಸದ ಮುಂದೆ ಕೂರಿಸಿದೆ. ಪ್ಯಾಂಟು ಒಗೆದು ಅಟ್ಟಕ್ಕೆ ಹಾಕಿ ಒಲೆಗೆ ಎರಡು ಕೊಳ್ಳಿ ಜಾಸ್ತಿ ತುರುಕಿದೆ. ಊಟ ಮುಗಿಯೋದರೊಳಗೆ ಪ್ಯಾಂಟು ಸಿದ್ಧ. ಸಾಹೇಬರು ತೊಟ್ಟುಕೊಂಡು, ಮುಟ್ಟಿ ನೋಡಿ, "ಭೇಷ್! ನಮ್ಮ ಬಂಗಲೇಲಿ ವಾರವಾದರೂ ಏನೂ ಒಣಗೋದಿಲ್ಲ. ಎಂಥದೋ ಮಸಾಲೆ ಘಮ ಬೇರೆ!" ಅಂದರು.

ಅತ್ತೆ ಮೆಲ್ಲಗೆ ಅಡುಗೆಮನೆಯ ಬಾಗಿಲು ಎಳೆದುಕೊಂಡರು.

ಸಾಹೇಬರು ಛತ್ರಿ ಬಿಡಿಸಿ ಅಂಗಳಕ್ಕೆ ಇಳಿದದ್ದೇ ತಡ, ತೊಟ್ಟಿಲ ಕೆಳಗಿದ್ದ ನಾಯಿ ಎದ್ದು ಹಿಂದೆ ಹೊರಟಿತು. ಅವರು ನಿಂತರೆ ಇದೂ ನಿಂತಿತು. ಅವರು ಬೇಗ ಹೆಜ್ಜೆ ಹಾಕಿದರೆ ಇದೂ ಹಾಕಿತು. ಬಾಲ ಅಲ್ಲಾಡಿಸುತ್ತಾ, ಪ್ಯಾಂಟಿಗೆ ಮೂಗು ತಾಗಿಸಿಕೊಂಡು, ರಸ್ತೆಯಾಚೆಯ ಅವರ ಬಂಗಲೆಯ ಗೇಟಿನವರೆಗೂ ಹೋಯಿತು. ಸಾಹೇಬರು ಗೇಟಿನಲ್ಲಿ ತಿರುಗಿ ಮಾವನಿಗೆ ಕೂಗಿ ಹೇಳಿದ್ದು ನಮ್ಮ ಜಗಲಿಗೂ ಕೇಳಿಸಿತು: "ನಿಮ್ಮೂರಿನ ನಾಯಿಗೂ ಎಂಥ ಮರ್ಯಾದೆ ರೀ!"

ಅತ್ತೆ ಕಂಬ ಹಿಡಿದು ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಆಮೇಲೆ ತೊಟ್ಟಿಲಿಗೆ ಕೈ ಹಾಕಿ ಕೂಸಿನ ಕೆಳಗೆ ಮುಟ್ಟಿ ನೋಡಿದರು. ಒಣಗಿತ್ತು.

ಮಾರನೇ ಬೆಳಿಗ್ಗೆ ಬಸ್ಸು ಹತ್ತುವಾಗ ಅತ್ತೆ ಕೂಸನ್ನು ನನ್ನ ಕೈಗೆ ಕೊಟ್ಟರು. ಹೆಂಡತಿ ಪಕ್ಕದಲ್ಲಿ ಕೂತಳು. ಮಾವ ಕಿಟಕಿಯಿಂದ, ತಮ್ಮ ಬಳಿ ಉಳಿದಿದ್ದ ಇನ್ನೊಂದು ಪೂಜೆ ಪಂಚೆಯನ್ನೂ ಲಂಗೋಟಿಗೆ ಇರಲಿ ಅಂತ ಕೊಟ್ಟರು.