ಎರಡನೇ ವರ್ಷದ ಚೀಟಿಗಳು

ಮೊದಲ ವರ್ಷ ಕೇಳಿದ ಉಪನ್ಯಾಸಗಳನ್ನೇ ವೈದ್ಯ ವಿದ್ಯಾರ್ಥಿಯು ಎರಡನೇ ವರ್ಷವೂ ಕೇಳತಕ್ಕದ್ದು. ಎರಡೂ ವರ್ಷದ ಪ್ರವೇಶ ಚೀಟಿಗಳಿದ್ದವನೇ ವೈದ್ಯನು. ಪೆನ್ಸಿಲ್ವೇನಿಯಾದಲ್ಲಿ ನಲವತ್ತು ವರ್ಷ ನಾಡಿ ಹಿಡಿದ ಡಾಕ್ಟರ್ ಆಬಡಾಯ ಪೆಂಗ್ರಿಯವರು ವೈದ್ಯರೇ ಅಲ್ಲವೆಂಬುದು ಹೊಸದಾಗಿ ನೋಂದಣಿ ಕಡ್ಡಾಯವಾದಾಗ ಬೆಳಕಿಗೆ ಬಂತು. ಅವರು ಓದಿದ ಕಾಲೇಜಿನ ದಾಖಲೆ ಕೋಣೆಯಲ್ಲಿ ಮೊದಲ ವರ್ಷದ ಏಳು ಚೀಟಿಗಳಿದ್ದವು. ಎರಡನೇ ವರ್ಷದವನ್ನು ಇಲಿ ತಿಂದಿತ್ತು.

"ಅಲ್ಲಾ ಸ್ವಾಮಿ, ಎರಡನೇ ವರ್ಷ ಹೇಳಿದ್ದೂ ಅದನ್ನೇ. ಪ್ರೊಫೆಸರು ಕೆಮ್ಮಿದ ಜಾಗ ಕೂಡ ಅದೇ!" ಎಂದರು ಪೆಂಗ್ರಿ.

"ಮೊದಲನೇ ಸಲದ್ದು ಬರೀ ಕೇಳಿದ್ದು ಡಾಕ್ಟ್ರೇ. ಎರಡನೇ ಸಲದ್ದೇ ವಿದ್ಯೆ," ಎಂದರು ದಾಖಲೆಪಾಲಕ ಸ್ಕಡರ್.

ಪೆಂಗ್ರಿಯವರಿಗೆ ವಾದಕ್ಕೆ ಪುರುಸೊತ್ತಿರಲಿಲ್ಲ. ಊರಿನಲ್ಲಿ ಅವರ ಪಕ್ಕದ ಮನೆಯ ಒಂಬತ್ತು ವರ್ಷದ ಲವೀನಿಯಾ ಐದು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದಳು. ನೋಂದಣಿಯಿಲ್ಲದೆ ಅವಳ ಕೈ ಮುಟ್ಟಿದರೆ ಜೈಲು.

ನಿಯಮದಲ್ಲಿ ದಾರಿಯೂ ಇತ್ತು. ಪ್ರೊಫೆಸರು ಗತಿಸಿದ್ದಲ್ಲಿ, ಉಳಿದಿರುವ ಯಾವುದೇ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕವನ್ನು ದಾಖಲೆಪಾಲಕನು ಓದತಕ್ಕದ್ದು, ಅಭ್ಯರ್ಥಿಯು ಕೇಳತಕ್ಕದ್ದು. ಉಳಿದಿದ್ದದ್ದು ಒಂದೇ ಪುಸ್ತಕ, ಅದೂ ಪೆಂಗ್ರಿಯವರದೇ. ಅಂಚಿನಲ್ಲಿ ಪ್ರೊಫೆಸರನ್ನು ಹಂದಿಯಾಗಿ ಬಿಡಿಸಿದ್ದೂ ಅವರೇ. ಸ್ಕಡರ್ ಹಂದಿಯನ್ನೂ ಬಿಡದೆ ಓದಿದರು.

"ಜ್ವರವಿದ್ದವರಿಗೆ ಮೂರ್ಛೆ ಬರುವವರೆಗೆ ರಕ್ತ ತೆಗೆಯತಕ್ಕದ್ದು."

"ನಿಲ್ಸಿ! ಅದು ತಪ್ಪು. ಹಾಗೆ ಮಾಡೇ ಹನ್ನೊಂದು ಜನರನ್ನ ಮಣ್ಣಿಗೆ ಕಳಿಸಿದೀನಿ. ಆಮೇಲೆ ಕತ್ತಿ ಮುಟ್ಟಿಲ್ಲ."

"ಇದನ್ನ ಬರೆದವರು ಯಾರು?"

"ನಾನೇ ಕಣ್ರೀ."

"ಮತ್ತೆ? ತಮಗೆ ತಾವೇ ಎದುರು ಮಾತಾಡಿದ್ರೆ ಅಶಿಸ್ತಾಗುತ್ತೆ. ಫೇಲು ಮಾಡ್ಬೇಕಾಗುತ್ತೆ."

ಲವೀನಿಯಾಳ ಮುಖ ಕಣ್ಮುಂದೆ ಬಂತು. ರಕ್ತ ತೆಗೆಯುವುದೇ ಸರಿಯೆಂದು ಬರೆದು ಪೆಂಗ್ರಿ ಸಹಿ ಹಾಕಿದರು. ಆ ಹನ್ನೊಂದು ಜನ ಎದುರಿಗೆ ನಿಂತು ನೋಡುತ್ತಿದ್ದಾರೆ ಅನ್ನಿಸಿ ತಲೆ ಎತ್ತಲಾಗಲಿಲ್ಲ.

ನೋಂದಣಿ ಪತ್ರ ಹಿಡಿದು ಊರಿಗೆ ಬಂದವರೇ ಹುಡುಗಿಯ ಕೋಣೆಯ ಕಿಟಕಿ ತೆರೆಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಬಾರ್ಲಿ ಗಂಜಿ ಕುಡಿಸಿದರು. ಎಂಟನೇ ದಿನ ಅವಳು ಎದ್ದು ಕೂತು ಸೇಬಿನ ಕಡುಬು ಕೇಳಿದಳು. ನಿಯಮದಂತೆ ಪೆಂಗ್ರಿ ಸ್ಕಡರ್ ಅವರಿಗೆ ವರದಿ ಕಳಿಸಿದರು. ಉತ್ತರ ಬಂತು:

"ರಕ್ತ ತೆಗೆಯದೆ ಜ್ವರ ಬಿಡುತ್ತದೆಂಬುದಕ್ಕೆ ತಮ್ಮ ಟಿಪ್ಪಣಿಯಲ್ಲಿ ಆಧಾರವಿಲ್ಲ. ಆದ್ದರಿಂದ ಸದರಿ ಬಾಲಕಿಗೆ ಜ್ವರ ಬಿಟ್ಟಿರುವುದಿಲ್ಲ. ರಕ್ತ ತೆಗೆಯುವುದು, ಇಲ್ಲವೇ ಪ್ರತಿ ವಾರ ರೋಗಿಯ ಸ್ಥಿತಿ ತಿಳಿಸುವುದು."

ಹುಡುಗಿಯ ತಾಯಿ ಮಿಸೆಸ್ ಟಿಲ್ಲಟ್ಸನ್ ಓದಿ ನಿಟ್ಟುಸಿರು ಬಿಟ್ಟರು. "ಇರ್ಲಿ ಬಿಡಿ ಡಾಕ್ಟ್ರೇ. ರಕ್ತ ಕೊಡೋದಕ್ಕಿಂತ ಕಾಯಿಲೇನೇ ಮೇಲು."

ಅಂದಿನಿಂದ ಊರಿನವರೆಲ್ಲ ಹೊಂದಿಕೊಂಡಿದ್ದಾರೆ. ರೋಗಿಗಳು ಶಾಲೆಗೆ ಬರುವಂತಿಲ್ಲವಾದ್ದರಿಂದ, ಮುಂದಿನ ಬೆಂಚಿನಲ್ಲಿ ಕೂತು ಮಗ್ಗಿ ಹೇಳುವ ಲವೀನಿಯಾಗೆ ಮಾಸ್ತರರು ಗೈರುಹಾಜರಿ ಹಾಕುತ್ತಾರೆ. ಪಾದ್ರಿಗಳು ಭಾನುವಾರ ಅವಳಿಗಾಗಿ ಪ್ರಾರ್ಥಿಸುವಾಗ ಅವಳೂ ಎಲ್ಲರ ಜೊತೆ ಆಮೆನ್ ಅನ್ನುತ್ತಾಳೆ. ಪ್ರಾರ್ಥನೆ ಮುಗಿಸಿ ಪೆಂಗ್ರಿಯವರು ನೇರ ಟಿಲ್ಲಟ್ಸನ್ನರ ತೋಟಕ್ಕೆ ಹೋಗಿ, ಮರದ ತುದಿಯತ್ತ ಕತ್ತೆತ್ತಿ ಕೇಳುತ್ತಾರೆ:

"ಹೇಗಿದೀಯಮ್ಮಾ?"

"ಇನ್ನೂ ಬಿಟ್ಟಿಲ್ಲ ಡಾಕ್ಟ್ರೇ," ಎನ್ನುತ್ತಾಳೆ ಲವೀನಿಯಾ, ಬಾಯ್ತುಂಬ ಸೇಬು ಅಗಿಯುತ್ತ.

ಪೆಂಗ್ರಿಯವರು ಬರೆದುಕೊಳ್ಳುತ್ತಾರೆ.