ಮಾಮಾನ ನಾಯಿಗಳು ಕಡಲಿಗೆ ಹೋದದ್ದು

ಜನ ಓದಿಗಾಗಿ ದೇಶ ಬಿಡುತ್ತಾರೆ, ಕೆಲಸಕ್ಕಾಗಿ ಬಿಡುತ್ತಾರೆ, ಮನಸ್ಸು ಕೊಟ್ಟವರ ಹಿಂದೆ ಬಿಡುತ್ತಾರೆ. ನಾಯಿಯ ಮೊಣಕಾಲಿಗಾಗಿ ದೇಶ ಬಿಟ್ಟವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಪಕ್ಕದ ಸೀಟಿನಲ್ಲಿ ಕೂತು, ಆ ನಾಯಿಯ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಮೆಕ್ಸಿಕೊವರೆಗೆ ಹೋಗಿ ಬಂದಿದ್ದೇನೆ.

ಅವರು ನನ್ನ ಗಂಡನ ಸೋದರಮಾವ, ಗದಗಿನ ಕಡೆಯವರು. ನಾನು ಮೈಸೂರಿನವಳಾದರೂ ಗಂಡ ಕರೆಯುವ ಹಾಗೆ 'ಮಾಮಾ' ಎಂದೇ ಕರೆಯುತ್ತಿದ್ದೆ. ಮದುವೆಯಾಗದ ಮನುಷ್ಯ. ಮಾರಿಸ್‌ಟೌನಿನ ಒಂದು ಆಫೀಸಿನಲ್ಲಿ ವರ್ಷಗಟ್ಟಲೆ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆದು, ಅಲ್ಲಿನ ಪೌರತ್ವವನ್ನೂ ಪಡೆದವರು. ಹೊಸ ಶತಮಾನ ಹುಟ್ಟುವ ಗಳಿಗೆಗೆ ಜಗತ್ತಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಗುಲ್ಲೆದ್ದಿತ್ತಲ್ಲ, ಆಗ ಹಗಲೂ ರಾತ್ರಿಯೂ ದುಡಿದರು. ಯಾವ ಕಂಪ್ಯೂಟರೂ ನಿಲ್ಲಲಿಲ್ಲ. ಆಫೀಸಿನವರು ಒಂದು ಕೇಕು ಕತ್ತರಿಸಿ, ಕೈಕುಲುಕಿ, ಮಾಮಾನನ್ನು ಮನೆಗೆ ಕಳಿಸಿದರು.

"ಬೇಜಾರಾಯ್ತಾ ಮಾಮಾ?" ಎಂದು ಕೇಳಿದೆ.

"ಏನರೆ ಕೆಟ್ಟಿದ್ದರ ನಮ್ಮ ಕೆಲಸ ಕಾಣತಿತ್ತು. ಏನೂ ಕೆಡಲಿಲ್ಲ ನೋಡವಾ, ಅದಕ್ಕ ಕಾಣಲಿಲ್ಲ," ಎಂದರು. ಅಷ್ಟೇ.

ಸ್ವಲ್ಪ ದಿನಕ್ಕೆ ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ನಾವಿದ್ದ ಸಮರ್‌ಸೆಟ್ಟಿನ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೊಂದು ಕುಟುಂಬ ಗಂಟುಮೂಟೆ ಕಟ್ಟುತ್ತಿತ್ತು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಸೋಫಾ, ಟಿವಿ, ಮಗುವಿನ ಕಾರ್ ಸೀಟು ಎಲ್ಲವನ್ನೂ ಯಾರಿಗಾದರೂ ದಾಟಿಸಿ ವಿಮಾನ ಹತ್ತಬೇಕು. ಉಳಿದುಕೊಂಡವರು ಹೋಗಿ, ಮುಖ ಸಣ್ಣದು ಮಾಡಿಕೊಂಡು, ಬೇಕಾದ್ದನ್ನು ಎತ್ತಿಕೊಂಡು ಬರುತ್ತಿದ್ದೆವು. ಒಂದು ಶನಿವಾರ ಮಾಮಾ ಪುಸ್ತಕದ ಕಪಾಟು ತರುತ್ತೇನೆಂದು ಒಂದು ತೆಲುಗರ ಮನೆಗೆ ಹೋದರು. ಬರುವಾಗ ಕಂಕುಳಲ್ಲಿ ಬಿಳಿಯ ಪುಟ್ಟ ನಾಯಿಯೊಂದಿತ್ತು.

"ಕಪಾಟು ಎಲ್ಲಿ ಮಾಮಾ?"

"ಕಪಾಟ ಯಾರರೆ ಒಯ್ತಾರ. ಇದನ್ನ ಒಯ್ಯಾಕ ಯಾರೂ ತಯಾರಿರಲಿಲ್ಲ."

ನಾಯಿಯ ಹೆಸರು ಬುಜ್ಜಿ. ವಯಸ್ಸಾಗಿತ್ತು, ಹಿಂಗಾಲುಗಳ ಮೊಣಕಾಲು ಸವೆದಿದ್ದವು. ಅದಕ್ಕಿಂತ ದೊಡ್ಡ ತೊಂದರೆ, ಅದಕ್ಕೆ ತೆಲುಗು ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಕರೆದರೆ ಗೋಡೆ ನೋಡುತ್ತಿತ್ತು, ಗದಗಿನ ಕನ್ನಡದಲ್ಲಿ ಕರೆದರೆ ಸೋಫಾದ ಕೆಳಗೆ ಹೋಗಿ ಕೂರುತ್ತಿತ್ತು. ನೀವಾಗಿದ್ದರೆ ನಾಯಿಗೆ ಕನ್ನಡ ಕಲಿಸುತ್ತಿದ್ದಿರಿ. ಮಾಮಾ ತಾವೇ ತೆಲುಗು ಕಲಿತರು. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿತು: ರಾ ಅಂದರೆ ಬಾ, ತಿನು ಅಂದರೆ ತಿನ್ನು, ವದ್ದು ಅಂದರೆ ಬೇಡ. ಒಂದು ದಿನ ನಾವು ಊಟಕ್ಕೆ ಹೋದಾಗ ಬುಜ್ಜಿ ಮೇಜಿನ ಮೇಲೆ ಮೂತಿ ಇಟ್ಟಿತು. ಮಾಮಾ ಗಟ್ಟಿಯಾಗಿ, "ವದ್ದು ವದ್ದು" ಎಂದರು. ನನ್ನ ಗಂಡ ತಟ್ಟೆ ಬಿಟ್ಟು ಎದ್ದ.

"ಮಾಮಾ, ಮುದುಕಿ ನಾಯಿಗೆ ಯಾಕ ಒದೀತೀರಿ?"

ಎರಡನೆಯ ನಾಯಿಯೂ ಹಾಗೇ ಬಂತು. ಊರಿಗೆ ಹೊರಟ ಒಬ್ಬ ಪ್ರೋಗ್ರಾಮರ್ ಬಿಟ್ಟುಹೋದ ಕಂದು ಬಣ್ಣದ ದೊಡ್ಡ ನಾಯಿ, ಹೆಸರು ಜಾವಾ. ಜಾವಾ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನು ಕಲಿಯಿರಿ ಎಂದು ಆಫೀಸಿನವರು ಬೆನ್ನು ಬಿದ್ದಾಗಲೂ ಕೋಬಾಲ್ ಬಿಡದವರು ನಮ್ಮ ಮಾಮಾ. "ಜೀವಮಾನೆಲ್ಲ ಜಾವಾ ತಪ್ಪಿಸ್ಕೊಂಡು ಬಂದೆ. ಈಗ ಅದು ಬಂದು ನನ್ನ ಕಾಲ ಮ್ಯಾಲೆ ಮಲಗತೈತಿ," ಎಂದು ನಿಟ್ಟುಸಿರು ಬಿಟ್ಟರು. ಕಾಲನ್ನು ಮಾತ್ರ ಆಚೆ ತೆಗೆಯಲಿಲ್ಲ.

ಆ ವರ್ಷ ಹಿಮ ಬೇಗ ಬಿತ್ತು. ಬುಜ್ಜಿಗೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಮಾಮಾ ತಮ್ಮ ಉಣ್ಣೆಯ ಕಾಲುಚೀಲಗಳನ್ನು ಕತ್ತರಿಸಿ ಅದರ ನಾಲ್ಕು ಕಾಲಿಗೂ ಹಾಕಿ, ಎತ್ತಿಕೊಂಡು ಇಳಿಸಿ, ಎತ್ತಿಕೊಂಡು ಹತ್ತಿಸುತ್ತಿದ್ದರು. ಚಳಿ ಹೆಚ್ಚಾದಷ್ಟೂ ಈ ನೋವು ಹೆಚ್ಚು ಎಂದು ನಾಯಿಯ ಡಾಕ್ಟರು ಹೇಳಿದರಂತೆ. ಮಾಮಾ ಮೂರು ವಾರ ಯೋಚಿಸಿದರು. ಆಮೇಲೆ ನಮ್ಮ ಮನೆಗೆ ಬಂದು, ಸಾರು ಕಲಸುತ್ತಾ, "ಬುಜ್ಜಿನ ಕರಕೊಂಡು ಮೆಕ್ಸಿಕೊಕ್ಕ ಹೊಂಟೀನಿ. ಸಮುದ್ರದ ದಂಡಿಗೆ ಮನಿ ನೋಡೀನಿ," ಎಂದರು.

"ಬೆಚ್ಚಗಿರಬೇಕಂದ್ರ ಗದಗಿಗೆ ಹೋಗ್ರಿ ಮಾಮಾ," ಎಂದ ನನ್ನ ಗಂಡ.

"ಗದಗಿಗೆ ಮುಟ್ಟಾಕ ಒಂದೂವರಿ ದಿವಸ. ಆಕಿ ತಡೀಯೂದಿಲ್ಲ."

"ಅಲ್ಲಿ ನಿಮ್ಮನ್ನ ನೋಡಿಕೊಳ್ಳೋರು ಯಾರು?" ಎಂದು ನಾನು ಕೇಳಿದೆ.

ಈ ಪ್ರಶ್ನೆಗೆ ಮಾಮಾ ಇನ್ನೊಂದು ಸಲ ಸಾರು ಹಾಕಿಸಿಕೊಂಡರು.

ವಿಮಾನದವರ ನಿಯಮ ಒಬ್ಬ ಪ್ರಯಾಣಿಕನಿಗೆ ಒಂದೇ ನಾಯಿ ಎಂದು. ಹಾಗಾಗಿ ಇನ್ನೊಬ್ಬರು ಬೇಕಿತ್ತು. ನನಗೂ ಕೆಲಸ ಹೋಗಿ ಎರಡು ತಿಂಗಳಾಗಿತ್ತು, ಗಂಡನ ಕೆಲಸ ಉಳಿದದ್ದರಿಂದ ವೀಸಾ ಉಳಿದಿತ್ತು. ಅರ್ಜಿ ಕಳಿಸುವುದು, ಉತ್ತರ ಬರಲಿಲ್ಲವೆಂದು ಪರದೆ ಎಳೆದುಕೊಂಡು ಮಲಗುವುದು, ಇದೇ ದಿನಚರಿ. ಹತ್ತು ದಿನ ಹೋಗಿ ಬಾ ಎಂದ ಗಂಡ. ಅಲ್ಲಿನ ಏರ್‌ಪೋರ್ಟಿನಲ್ಲಿ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ಮಾಮಾ ಇಂಗ್ಲಿಷಿನಲ್ಲಿ ಮೊಣಕಾಲು ಎಂದರು. ಅವನು ಮಾಮಾನ ಮೊಣಕಾಲು ನೋಡಿದ. ಮಾಮಾ ಬುಜ್ಜಿಯನ್ನು ಎತ್ತಿ ಅದರ ಮೊಣಕಾಲು ತೋರಿಸಿದರು. ಅವನು ಸ್ವಲ್ಪ ಹೊತ್ತು ನೋಡಿ ಠಸ್ಸೆ ಒತ್ತಿದ.

ಊರು ಸಣ್ಣದು. ಕಡಲಿಗೆ ಇಳಿಯುವ ಎರಡು ಮಣ್ಣು ರಸ್ತೆ, ಕೆಳಗೆ ಮೀನಿನ ದೋಣಿಗಳು. ನಮ್ಮ ಮನೆಯೊಡತಿ ಎದುರು ಮನೆಯಲ್ಲೇ ಇದ್ದ ದಪ್ಪನೆಯ ಹೆಂಗಸು. ಎರಡು ದಿನ ಆಕೆ ನನ್ನನ್ನೂ ಮಾಮಾನ ಮೀಸೆಯನ್ನೂ ವಿಚಿತ್ರವಾಗಿ ನೋಡುತ್ತಿದ್ದಳು. ಮೂರನೆಯ ದಿನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು, ನೀನು ಇವರನ್ನು ಅಮ್ಮ ಎಂದು ಯಾಕೆ ಕರೆಯುತ್ತೀ ಎಂದು. ಅವರ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ ಅಂತೆ. ನಾನು ತಿದ್ದಿ ಹೇಳುವಷ್ಟರಲ್ಲಿ ಬೀದಿಯವರೆಲ್ಲ ಅದೇ ಹೆಸರು ಹಿಡಿದುಬಿಟ್ಟಿದ್ದರು. ಮಾಮಾ ಬೇಸರಪಡಲಿಲ್ಲ.

ಜಾವಾ ಎರಡೇ ದಿನದಲ್ಲಿ ಊರಿನವನಾದ. ಅಲ್ಲಿನ ನಾಯಿಗಳಿಗೆ ಹಗ್ಗವಿಲ್ಲ, ಬೇಲಿಯಿಲ್ಲ. ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ಎಲ್ಲವೂ ಮರಳಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಮಧ್ಯಾಹ್ನಕ್ಕೆ ಜಾವಾ ಐದು ಜನ ಸ್ನೇಹಿತರನ್ನು ಊಟಕ್ಕೆ ಕರೆತಂದ. ಮಾಮಾ ಪಾತ್ರೆಗೆ ಇನ್ನಷ್ಟು ಅಕ್ಕಿ ಸುರಿದರು. ಮೂಲೆಯ ಮನೆಯಲ್ಲಿ ಒಬ್ಬಾಕೆ ಗೋವಿನಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ ಮಾರುತ್ತಿದ್ದಳು. ಮಾಮಾ ಅಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದರು. ಬಿಸಿ ರೊಟ್ಟಿಗೆ ತಮ್ಮ ಶೇಂಗಾ ಚಟ್ನಿ ಹಾಕಿ ಅವಳಿಗೂ ಕೊಟ್ಟರು. ಅವಳು ತಿಂದು, ಡಬ್ಬಿಯನ್ನೇ ಇಟ್ಟುಕೊಂಡಳು.

ಬುಜ್ಜಿಗೆ ಮಾತ್ರ ಊರು ಹಿಡಿಸಲಿಲ್ಲ. ಬಿಸಿಲಿಗೆ ಮೊಣಕಾಲು ಸಡಿಲವಾಯಿತು, ಮೆಟ್ಟಿಲು ತಾನೇ ಇಳಿಯಿತು. ಆದರೆ ಅಲೆಯ ಸದ್ದಿಗೆ ಬೆಚ್ಚಿ ಮೂಲೆ ಸೇರಿತು. ಐದನೆಯ ದಿನ ಊಟ ಬಿಟ್ಟಿತು. ಆರನೆಯ ದಿನ ನೀರನ್ನೂ ಮುಟ್ಟಲಿಲ್ಲ. ಮಾಮಾ ನೆಲದ ಮೇಲೆ ಅದರ ಎದುರು ಕೂತು, "ತಿನು ಬುಜ್ಜಿ, ತಿನು" ಎಂದು ತಮಗೆ ಬರುವ ಅಷ್ಟೂ ತೆಲುಗನ್ನು ಸುರಿದರು. ಬುಜ್ಜಿ ಕಣ್ಣು ಮುಚ್ಚಿತು. ಅಷ್ಟು ದೂರದಿಂದ ಹೊತ್ತು ತಂದು ಇದನ್ನು ಸಾಯಿಸುತ್ತಿದ್ದೇವೆಯೇ ಎಂದು ನನಗೆ ದಿಗಿಲಾಯಿತು. ಮಾಮಾನ ಮುಖ ನೋಡುವ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬುಜ್ಜಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟರು. ಡಾಕ್ಟರ ಹತ್ತಿರವೆಂದುಕೊಂಡೆ. ಅವರು ನಿಂತದ್ದು ಫೋನಿನ ಅಂಗಡಿಯ ಮುಂದೆ. ಜೇಬಿನಿಂದ ಚೀಟಿ ತೆಗೆದು ವಿಜಯವಾಡದ ನಂಬರು ಹಚ್ಚಿಸಿದರು. ಅಲ್ಲಿ ಆಗ ಸಂಜೆ. ಬುಜ್ಜಿಯನ್ನು ಸಾಕಿದ್ದ ಮನೆಯ ಮಗಳು ಫೋನಿಗೆ ಬಂದಳು. ಮಾಮಾ "ಬುಜ್ಜಿ" ಎಂದಷ್ಟೇ ಹೇಳಿ ರಿಸೀವರನ್ನು ನಾಯಿಯ ಕಿವಿಗೆ ಹಿಡಿದರು. ಅಂಗಡಿಯವನು ಯಾರೂ ಹೇಳದೆಯೇ ರೇಡಿಯೊ ಆರಿಸಿದ.

ಆ ಹುಡುಗಿ ಏನು ಹೇಳಿದಳೋ ನನಗೆ ಅರ್ಥವಾಗಲಿಲ್ಲ. ಬೈಗುಳವೂ ಇತ್ತು, ಅಳುವೂ ಇತ್ತು. ಬುಜ್ಜಿಯ ಕಿವಿ ಮೊದಲು ಎದ್ದಿತು, ಆಮೇಲೆ ತಲೆ ಎದ್ದಿತು. ರಿಸೀವರನ್ನು ಮೂಸಿತು, ನೆಕ್ಕಿತು. ಹತ್ತು ನಿಮಿಷ ಮಾಮಾ ತೋಳು ಅಲ್ಲಾಡಿಸದೆ ಹಾಗೇ ಹಿಡಿದುಕೊಂಡು ನಿಂತಿದ್ದರು. ಮನೆಗೆ ಬಂದ ಮೇಲೆ ಬುಜ್ಜಿ ಒಂದು ಬಟ್ಟಲು ಮೊಸರನ್ನ ತಿಂದಿತು.

ಸಂಜೆ ಮರಳಿನ ಮೇಲೆ ಕೂತಾಗ ನಾನು ಖುಷಿಯಿಂದ, "ಗೆದ್ದಿರಿ ಮಾಮಾ," ಎಂದೆ.

ಮಾಮಾ ನೀರು ನೋಡುತ್ತಾ, "ನನ್ನ ತೆಲುಗು ಅಷ್ಟೊಂದು ಛಲೋ ಇಲ್ಲ," ಎಂದರು. ಆ ದನಿಯಲ್ಲಿ ನೋವಿತ್ತೆಂದು ನನಗೆ ಹೊಳೆದದ್ದು ವಿಮಾನ ಹತ್ತಿದ ಮೇಲೆ.

ವಾಪಸು ಬಂದು ತಿಂಗಳಾದ ಮೇಲೆ ನನಗೆ ಮನೆಯಿಂದ ದೂರದ ಜೆರಿಕೋದಲ್ಲಿ ಕೆಲಸ ಸಿಕ್ಕಿತು. ಮಾಮಾ ಮೆಕ್ಸಿಕೊದ ಮನೆಗೆ ಫೋನ್ ಹಾಕಿಸಿಕೊಂಡರು. ಭಾನುವಾರ ಬೆಳಿಗ್ಗೆ ನಾನು ಕರೆ ಮಾಡುತ್ತಿದ್ದೆ. ಫೋನಿನಲ್ಲಿ ಮಾಮಾ ಮೂರು ಮಾತಿನವರು: "ಹೂಂ", "ಅರಾಮ", "ಫೋನ ಇಡ್ಲೇನು?" ಮೂರನೆಯದು ಬರುವ ಮೊದಲೇ ನಾನು, "ನಾಯಿಗಳಿಗೆ ಕೊಡಿ ಮಾಮಾ," ಎನ್ನುತ್ತಿದ್ದೆ. ಅವರು ಕೊಡುತ್ತಿದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದೆ. ಆಫೀಸಿನ ಜಗಳ, ದಿನಾ ಅಷ್ಟು ದೂರ ಹೋಗಿಬರುವ ಕಷ್ಟ, ಗಂಡ ಸೀಯಿಸಿದ ಪಲ್ಯ. ಗಂಡ ಬಾಗಿಲಲ್ಲಿ ನಿಂತು ನಗುತ್ತಿದ್ದ.

ಒಂದು ಭಾನುವಾರ ಹಾಗೇ ಕಾಲು ಗಂಟೆ ಮಾತಾಡಿ, ಕೊನೆಯಲ್ಲಿ ಮುದ್ದಿನ ದನಿಯಲ್ಲಿ ಕೇಳಿದೆ, "ಊಟ ಆಯ್ತಾ ನನ್ನ ಬಂಗಾರಕ್ಕೆ? ನೀರಿಗೆ ಇಳಿದ್ಯಾ? ರಾತ್ರಿ ಚೆನ್ನಾಗಿ ನಿದ್ದೆ ಬಂತಾ?"

ಆ ಕಡೆ ಯಾರೋ ಗಂಟಲು ಸರಿಪಡಿಸಿಕೊಂಡರು.

"ಊಟ ಆತವಾ. ನೀರಿಗೆ ಇವತ್ತ ಇಳಿದಿಲ್ಲ. ನಿದ್ದಿ ಅಷ್ಟಕ್ಕಷ್ಟ."

ನನಗೆ ನಗು ಬಂತು. "ಮಾಮಾ? ಬುಜ್ಜಿ ಎಲ್ಲಿ?"

"ಆಕಿ ಹೊರಗ ಮರಳಾಗ ಮಲಗ್ಯಾಳ. ಜಾವಾನೂ ಅಲ್ಲೇ."

"ಮತ್ತೆ ಇಷ್ಟು ಹೊತ್ತು ನಾನು ಯಾರ ಜೊತೆ ಮಾತಾಡ್ತಿದ್ದೆ?"

ದೂರದಲ್ಲಿ ಅಲೆಯ ಸದ್ದು ಕೇಳುತ್ತಿತ್ತು.

"ನೀ ಛಂದ ಮಾತಾಡಾಕತ್ತಿದ್ದಿ," ಎಂದರು. "ನಡುವ ಯಾಕ ಬಾಯಿ ಹಾಕೂದು ಅಂತ ಸುಮ್ಮನ ಕೇಳಿಕೋತ ಕುಂತಿದ್ದೆ."

ಹಿಂದಿನ ಭಾನುವಾರವೂ ಹೀಗೇ ಇತ್ತೇ ಎಂದು ನಾನು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನಿದ್ದೆ ಯಾಕೆ ಬರಲಿಲ್ಲ ಮಾಮಾ ಎಂದು ಕೇಳಿದೆ.