ಗುಬ್ಬಿಯ ವೇದಿಕೆಯಲ್ಲಿ ಕಳುವಾದ ಅಜ್ಜಿ

ಕೃತಿಚೌರ್ಯದ ಬಗ್ಗೆ ಮಾತನಾಡಲು ಈ ಜಿಲ್ಲೆಯಲ್ಲಿ ನನಗಿಂತ ಯೋಗ್ಯರು ಯಾರೂ ಇಲ್ಲವೆಂದು ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ. ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ಯಾರ ಬರಹವನ್ನೂ ಕದ್ದವನಲ್ಲ. ನನ್ನದನ್ನೂ ಯಾರೂ ಕದ್ದಿರಲಿಲ್ಲ. ಕದಿಯುವಂಥದ್ದೇನನ್ನೂ ನಾನು ಬರೆದಿರಲಿಲ್ಲ. ಹೀಗಿರುವಾಗ 'ಕೃತಿಚೌರ್ಯ: ಚರಿತ್ರೆ ಮತ್ತು ನೀತಿ' ಎಂಬ ವಿಚಾರ ಸಂಕಿರಣಕ್ಕೆ ಗುಬ್ಬಿಯಿಂದ ಕರೆ ಬಂತು. ಇಂಥ ನಿಷ್ಪಕ್ಷಪಾತ ಮನಸ್ಸು ಕೊನೆಗೂ ಯಾರದೋ ಕಣ್ಣಿಗೆ ಬಿತ್ತಲ್ಲ ಎಂದು ಹಿಗ್ಗಿದೆ.

ಕದಿಯುವುದು ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ಹೇಳಿದರೆ ಚಪ್ಪಾಳೆ ಯಾರು ತಟ್ಟುತ್ತಾರೆ? ಆದ್ದರಿಂದ ತಪ್ಪೇ ಅಲ್ಲ ಎಂದು ಬರೆದೆ. ಹಿಂದಿನ ಕವಿಗಳು ಒಬ್ಬರ ಕತೆಯನ್ನು ಇನ್ನೊಬ್ಬರು ಧಾರಾಳವಾಗಿ ಎತ್ತಿಕೊಂಡರು, ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗಲಿಲ್ಲ. 'ಇದು ನನ್ನದು' ಎಂಬ ರೋಗ ಬಂದದ್ದೇ ಅಚ್ಚಿನ ಯಂತ್ರದ ಜೊತೆಗೆ ಎಂದು ವಾದಿಸಿದೆ. ಸಾಕ್ಷಿಗೆ ನನ್ನ ಅಜ್ಜಿಯನ್ನೇ ಕರೆತಂದೆ. ರಾಗಿ ಬೀಸುತ್ತ ಹಾಡುತ್ತಿದ್ದ ಅವಳನ್ನು ಚಿಕ್ಕಂದಿನಲ್ಲಿ "ಈ ಪದ ಯಾರ್ದಜ್ಜಿ?" ಎಂದು ಕೇಳಿದ್ದೆ. "ಯಾರ್ದೋ ಕಣ್ಲಾ. ಈಗ ನಂದು. ಕಲ್ಲಿಗೆ ರಾಗಿ ಹಾಕು" ಎಂದಿದ್ದಳು. ಅದನ್ನು ಬರೆಯುವಾಗ ನಿಜವಾಗಿಯೂ ನನ್ನ ಕಣ್ಣು ತುಂಬಿ ಬಂತು. ಅದೇ ಆವೇಶದಲ್ಲಿ ಕೊನೆಗೊಂದು ವಾಕ್ಯ ಜಡಿದೆ: 'ನನ್ನದು ನನ್ನದು ಎಂದು ಕೂಗುವವನು ವಿದ್ವಾಂಸನಲ್ಲ, ಕಾವಲುಗಾರ.'

ಮರಳೂರಿನ ನಮ್ಮ ಮನೆಯಲ್ಲಿ ಇದನ್ನೆಲ್ಲ ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಮಂಗಳಾ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು.

"ಬೆಳಿಗ್ಗೆ ಪಕ್ಕದ್ಮನೆ ಪುಟ್ಟಸ್ವಾಮಿಯವ್ರು ಪೂಜೆಗೆ ಅಂತ ನಮ್ಮ ದಾಸವಾಳ ಕಿತ್ಕೊಂಡಿದ್ಕೆ ಬೀದಿಗೆಲ್ಲ ಕೇಳೋ ಹಂಗೆ ಕೂಗಾಡಿದ್ರಲ್ಲ, ಅದು?"

"ಅದು ಹೂವು ಕಣೇ. ಇದು ಸಾಹಿತ್ಯ."

"ಸರಿ ಬಿಡಿ. ಹೂವಾದ್ರೆ ಉಪಯೋಗಕ್ಕೆ ಬರತ್ತೆ" ಎಂದು ಅವಳು ಕಾಯಿ ಸುಲಿಯುವುದನ್ನು ಮುಂದುವರಿಸಿದಳು.

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ನನಗೆ ಬರುವುದಿಲ್ಲ. ನನ್ನಂಥ ಮೇಷ್ಟ್ರುಗಳು ಬಹಳ ಜನ ಇದ್ದೇವೆ. ಎಲ್ಲರೂ ಕೈಯಲ್ಲಿ ಬರೆದು, ತುಮಕೂರಿನ ರುದ್ರೇಶನ ಡಿಟಿಪಿ ಅಂಗಡಿಗೆ ಕೊಟ್ಟು, ಅಚ್ಚುಕಟ್ಟಾಗಿ ಟೈಪಾದ ಮೇಲೆ ನಮಗೇ ಬಹಳ ಘನವಾಗಿ ಕಾಣುವ ನಮ್ಮ ಬರಹವನ್ನು ಮನೆಗೆ ತರುತ್ತೇವೆ. ನಾನೂ ಹಾಗೆಯೇ ತಂದೆ.

ಗುಬ್ಬಿಯಲ್ಲಿ ನನಗಿಂತ ಮೊದಲು ಕುಣಿಗಲ್ಲಿನ ಬೋರೇಗೌಡರೆಂಬ ಮೇಷ್ಟ್ರ ಸರದಿ. ಅವರ ಮೊದಲ ವಾಕ್ಯ ಕೇಳಿ ಎಷ್ಟು ಚೆನ್ನಾಗಿದೆ ಅನ್ನಿಸಿತು. ಎರಡನೆಯದು ಇನ್ನೂ ಚೆನ್ನಾಗಿತ್ತು. ಮೂರನೆಯದನ್ನು ಅವರು ಓದುವ ಮೊದಲೇ ನಾನು ಮನಸ್ಸಿನಲ್ಲಿ ಹೇಳಿ ಮುಗಿಸಿದ್ದೆ! ಕೈಯಲ್ಲಿದ್ದ ಹಾಳೆ ನೋಡಿಕೊಂಡೆ. ಅಕ್ಷರ ಅಕ್ಷರವೂ ನನ್ನದು.

ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿ ಕೂತೆ. ಅಷ್ಟರಲ್ಲಿ ಆ ಮನುಷ್ಯ ಕನ್ನಡಕ ತೆಗೆದು, ಕರ್ಚೀಫಿನಿಂದ ಕಣ್ಣೊರೆಸಿಕೊಂಡು, "ರಾಗಿ ಬೀಸುತ್ತಿದ್ದ ನನ್ನ ಅಜ್ಜಿಯನ್ನು ಚಿಕ್ಕಂದಿನಲ್ಲಿ ಕೇಳಿದ್ದೆ..." ಎಂದರು. ನನ್ನ ಅಜ್ಜಿ! ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ಜ್ವರ ಬಂದರೆ ಪಕ್ಕ ಬಿಟ್ಟು ಏಳದವಳು. ಈ ಬೋರೇಗೌಡರ ತಟ್ಟೆಗೆ ಅವಳು ಒಂದು ದಿನವಾದರೂ ಮುದ್ದೆ ಹಾಕಿದ್ದಳೇ? ಪ್ರಬಂಧ ಹಾಳಾಗಿ ಹೋಗಲಿ, ಅಜ್ಜಿಯನ್ನು ಹೇಗೆ ಬಿಡಲಿ?

"ಆ ಅಜ್ಜಿ ನಮ್ಮೋಳು ಕಣ್ರೀ" ಎಂದು ಎದ್ದು ನಿಂತೆ.

ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಪ್ರಾಧ್ಯಾಪಕಿ ಮೈಕು ಹತ್ತಿರಕ್ಕೆಳೆದುಕೊಂಡರು. "ಸಾರ್, ನೆಂಟಸ್ತಿಕೆ ವಿಷಯ ಊಟದ ಹೊತ್ನಲ್ಲಿ ಮಾತಾಡ್ಕೊಳ್ಳಿ."

"ನೆಂಟಸ್ತಿಕೆ ಅಲ್ಲ ಮೇಡಂ, ಕಳ್ಳತನ. ಇವ್ರು ಓದ್ತಿರೋ ಪ್ರಬಂಧ ಪೂರ್ತಿ ನಂದು."

ಬೋರೇಗೌಡರು ಒಂದಿಷ್ಟೂ ಅಳುಕಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡರು. "ನಿಮ್ದೇ ಇರ್ಬೋದು ಸಾರ್, ನಾನ್ ಇಲ್ಲ ಅಂತಿಲ್ಲ. ಇದ್ರಲ್ಲಿ ಬರ್ದಿರೋದು ಸರಿನೋ ತಪ್ಪೋ, ಅದ್ ಹೇಳಿ."

"ಸರಿನೇ. ನಾನೇ ಬರ್ದಿದ್ದು."

"ಸರಿ ಅಂದ್ರೆ ನಾನ್ ಕಳ್ಳ ಅಲ್ಲ. ತಪ್ಪು ಅಂದ್ರೆ, ಇಂಥ ತಪ್ಪನ್ನ ನಂದು ನಂದು ಅಂತ ಯಾಕ್ ಕೇಳ್ತಿದೀರಿ?" ಎಂದವರೇ ಕೊನೆಯ ಪುಟ ತೆಗೆದು, ಬಹಳ ಗಂಭೀರವಾಗಿ ಕಾವಲುಗಾರನ ವಾಕ್ಯವನ್ನು ಓದಿದರು. ಸಭಾಂಗಣವಿಡೀ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿತು. ನನ್ನ ಬರಹಕ್ಕೆ ಈ ಜನ್ಮದಲ್ಲಿ ಬಿದ್ದ ಮೊದಲ ಚಪ್ಪಾಳೆ ಅದು. ಅದನ್ನು ಬೋರೇಗೌಡರು ತಲೆಬಾಗಿ ಸ್ವೀಕರಿಸಿದರು.

ನನ್ನ ಸರದಿ ಬಂತು. ಹಾಳೆಗಳನ್ನು ಮಡಚಿ ಜೇಬಿಗೆ ತುರುಕಿ, ಬಾಯಿಗೆ ಬಂದ ಹಾಗೆ ಅದಕ್ಕೆ ಉಲ್ಟಾ ವಾದಿಸಿದೆ. ಹಿಂದಿನವರು ಯಾರಿಂದ ತೆಗೆದುಕೊಂಡರೋ ಅವರನ್ನು ನೆನೆದು, ಕೈಮುಗಿದು ತೆಗೆದುಕೊಂಡರು. ಇದು ಶುದ್ಧ ಜೇಬುಗಳ್ಳತನ ಎಂದು ಮೇಜು ಗುದ್ದಿದೆ. ನಾನು ಏನೇ ಹೇಳಲಿ, ಬೋರೇಗೌಡರು ನನ್ನ ಪ್ರಬಂಧದಿಂದಲೇ ಉತ್ತರ ಹುಡುಕಿ ಕೊಟ್ಟರು. ಒಳ್ಳೆಯ ಉತ್ತರಗಳೇ. ಎದುರಾಳಿಗೆ ಒಂದು ಸಂದೂ ಸಿಗಬಾರದೆಂದು ಬರೆಯುವಾಗಲೇ ನಾನು ಎಲ್ಲವನ್ನೂ ಮುಚ್ಚಿಬಿಟ್ಟಿದ್ದೆನಲ್ಲ!

ಕೊನೆಗೆ ಅಧ್ಯಕ್ಷರು ತೀರ್ಪಿತ್ತರು. "ಬೋರೇಗೌಡರಲ್ಲಿ ತರ್ಕ ಇದೆ. ಇವರಲ್ಲಿ ಸಿಟ್ಟು ಮಾತ್ರ ಇದೆ. ಸಂಕಿರಣದ ಸಂಪುಟದಲ್ಲಿ ಬೋರೇಗೌಡರ ಪ್ರಬಂಧವೇ ಅಚ್ಚಾಗಲಿ." ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಸಿಟ್ಟಿಗೆ ನಾನು ಮುಟ್ಟಲಿಲ್ಲ. ನನ್ನ ಪಾಲಿನದನ್ನೂ ಬೋರೇಗೌಡರೇ ತಿಂದರು.

ತುಮಕೂರಿನಲ್ಲಿ ಬಸ್ಸಿಳಿದವನೇ ರುದ್ರೇಶನ ಅಂಗಡಿಗೆ ನುಗ್ಗಿದೆ.

"ಕುಣಿಗಲ್ ಸಾರು ಗುಬ್ಬಿ ಸೆಮಿನಾರಿಗೆ ಅರ್ಜೆಂಟಾಗಿ ಒಂದ್ ಬೇಕು ಅಂದ್ರು ಸಾರ್. ನಿಮ್ದು ರೆಡಿ ಇತ್ತು, ಹೆಸ್ರು ಬದ್ಲಾಯ್ಸಿ ಕೊಟ್ಟೆ."

"ಯಾರ್ನ ಕೇಳಿ ಕೊಟ್ಟೆಯಯ್ಯಾ?"

"ಟೈಪ್ ಮಾಡ್ವಾಗ ಓದಿದ್ನಲ್ಲ ಸಾರ್. ಯಾವ್ದೂ ಯಾರ್ದೂ ಅಲ್ಲ ಅಂತ ಬರ್ದಿದ್ರಿ. ನಂಗೆ ಬಾಳ ಹಿಡಿಸ್ತು."

ಎತ್ತಿದ ಕೈ ಹಾಗೆಯೇ ಇಳಿಯಿತು. ನನ್ನ ಪ್ರಬಂಧವನ್ನು ಮನಸಾರೆ ನಂಬಿದವನು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ.

ಕೆಲವು ವಾರಗಳಾದ ಮೇಲೆ ಬೋರೇಗೌಡರ ಫೋನು ಬಂತು. "ಸಾರ್, ಸಿಟ್ಟು ಇಳೀತಾ? ಸಂಪುಟಕ್ಕೆ ಅಜ್ಜಿ ಫೋಟೊ ಕೇಳ್ತಾವ್ರೆ. ನಮ್ಮತ್ರ ಇಲ್ಲ. ನಿಮ್ಮತ್ರ ಇದ್ರೆ ವಾಟ್ಸಾಪ್ ಮಾಡಿ ಸಾರ್."

ನಾನು ಅವರಿಗೆ ಹೇಳಿದ್ದನ್ನು ಯಾರೂ ಕದ್ದು ಬಳಸುವಂತಿಲ್ಲ, ಅಷ್ಟು ಕೊಳಕಾಗಿತ್ತು. ಫೋನಿಟ್ಟು ತಿರುಗಿದರೆ, ಎಲ್ಲ ಕೇಳಿಸಿಕೊಂಡಿದ್ದ ಮಂಗಳಾ ಆಗಲೇ ಗೋಡೆಯಿಂದ ಅಜ್ಜಿಯ ಫೋಟೊ ಇಳಿಸಿ ಸೆರಗಿನಲ್ಲಿ ಒರೆಸುತ್ತಿದ್ದಳು.

"ಕಳ್ಸಿ. ಪಾಪ, ಅವ್ರ ಮುಖ ಎಲ್ಲೂ ಅಚ್ಚಾಗಿಲ್ಲ. ನಿಮ್ಮನ್ನ ನಂಬ್ಕೊಂಡ್ರೆ ಆಗೋದೂ ಇಲ್ಲ."

ಫೋಟೊಕ್ಕೆ ಮುಡಿಸಿದ್ದ ದಾಸವಾಳ ಇನ್ನೂ ಬಾಡಿರಲಿಲ್ಲ. "ನಮ್ಮ ಗಿಡದ್ದೆಲ್ಲ ದಿನಾ ಪುಟ್ಟಸ್ವಾಮಿ ಕಿತ್ಕೊಂಡೋಗ್ತಾನಲ್ಲ, ಇದೆಲ್ಲಿಂದ ಬಂತೇ?"

"ಎದುರ್ಮನೆ ಕಾಂಪೌಂಡಿಂದ. ಮೆಲ್ಲಗೆ ಮಾತಾಡಿ."

ಕಳಿಸಿದೆ. ಆದರೆ ಹಕ್ಕು ಬಿಟ್ಟುಕೊಡಲಿಲ್ಲ. ಫೋಟೊದ ಕೆಳಗೆ ದಪ್ಪ ಅಕ್ಷರದಲ್ಲಿ 'ನನ್ನ ಅಜ್ಜಿ' ಎಂದು ಬರೆದೇ ಕಳಿಸಿದೆ.

ಸಂಪುಟ ಮೊನ್ನೆ ಕೈಗೆ ಬಂತು. ಬೋರೇಗೌಡರ ಹೆಸರು, ಹೆಸರಿನ ಕೆಳಗೆ ಅಜ್ಜಿ, ಅಜ್ಜಿಯ ಕೆಳಗೆ ದಪ್ಪ ಅಕ್ಷರದಲ್ಲಿ 'ನನ್ನ ಅಜ್ಜಿ'. ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಅವರು ಬದಲಿಸಿಲ್ಲ.